ಮೇಲಂತಸ್ತಿಗೆ ಹೋದ ಬುದ್ಧ

ವಾಡಿಯ ಮೈತ್ರೇಯ ವಿದ್ಯಾಲಯಕ್ಕೆ ಬೆಂಗಳೂರಿನ ಒಂದು ಪ್ರತಿಷ್ಠಾನದಿಂದ ಅನುದಾನ ಮಂಜೂರಾದ ಸುದ್ದಿ ಬಂದ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಲಾಲಪ್ಪನವರು. ಶಾಲೆ ಅವರೇ ಮುಂದೆ ನಿಂತು ಕಟ್ಟಿಸಿದ್ದು. ರೈಲ್ವೆಯಲ್ಲಿ ನೌಕರಿ ಮಾಡುತ್ತಿದ್ದಾಗಲೇ ಓಣಿಯ ಬೌದ್ಧ ಮನೆಗಳನ್ನೆಲ್ಲ ಕೂಡಿಸಿ ಟ್ರಸ್ಟ್ ಮಾಡಿ, ಮೊದಲು ನಾಲ್ಕು ಕೋಣೆ, ಆಮೇಲೆ ಮೇಲೊಂದು ಅಂತಸ್ತು ಎಬ್ಬಿಸಿದ್ದರು. ಕೆಳಗಿನ ದೊಡ್ಡ ಕೋಣೆ ಪ್ರಾರ್ಥನೆಗೆ. ಅಲ್ಲಿನ ಬುದ್ಧನ ಮೂರ್ತಿಯನ್ನು ನಾಗಪುರದಿಂದ ರೈಲಿನಲ್ಲಿ ತರುವಾಗ, ಸೀಟಿನ ಮೇಲೆ ಮೂರ್ತಿಯನ್ನು ಕೂರಿಸಿ ತಾವು ದಾರಿಯುದ್ದಕ್ಕೂ ನಿಂತೇ ಬಂದಿದ್ದರು. ಆ ಕೋಣೆಗೆ ಬಿಳಿ ಅಮೃತಶಿಲೆ ಹಾಸಬೇಕೆಂಬುದು ಅವರ ಬಹುದಿನದ ಆಸೆ.

ಮುಖ್ಯೋಪಾಧ್ಯಾಯಿನಿ ಯಶೋಧರಾ ಲಾಲಪ್ಪನವರ ಸೊಸೆ. ಮಾವನ ಹಿಗ್ಗು ಕಂಡು ಅವಳಿಗೂ ಸಂತೋಷವೇ. ಆದರೆ ಅವಳ ತಲೆಯಲ್ಲಿ ಇದ್ದವಳು ಸಮ್ರೀನ್.

ಸಮ್ರೀನ್ ಆಟೊ ಓಡಿಸುವ ಬಾಬುಮಿಯಾನ ಮಗಳು. ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ. ಏಳನೆಯ ತರಗತಿಯವರೆಗೆ ಕೆಳಗಿನ ಸಣ್ಣ ಕೋಣೆಗಳಲ್ಲೇ ಓದಿ ಮುಗಿಸಿದಳು. ಎಂಟಕ್ಕೆ ಸುತ್ತಲ ಹಳ್ಳಿಗಳ ಮಕ್ಕಳೂ ಬಂದು ಸೇರುವುದರಿಂದ ಆ ತರಗತಿ ದೊಡ್ಡದು, ಮೇಲಂತಸ್ತಿನಲ್ಲಿ ನಡೆಯುತ್ತದೆ. ಬಾಬುಮಿಯಾ ದಿನಾ ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ, ಸಂಜೆ ಎತ್ತಿಕೊಂಡು ಇಳಿಯುತ್ತಿದ್ದ. ಜುಲೈ ಅರ್ಧ ಕಳೆಯುವಷ್ಟರಲ್ಲಿ ಹುಡುಗಿ ಬರುವುದನ್ನೇ ಬಿಟ್ಟಳು.

ಯಶೋಧರಾ ಮನೆಗೆ ಹೋಗಿ ಕೇಳಿದಳು. ಸರಕಾರದಿಂದ ಬಂದಿದ್ದ ಗಾಲಿಕುರ್ಚಿ ಮೂಲೆಯಲ್ಲಿ ಮಡಿಸದ ಬಟ್ಟೆಗಳನ್ನು ಹೊತ್ತು ನಿಂತಿತ್ತು. ತಾಯಿ ನಗ್ಮಾ ಚಹಾ ತರಲು ಒಳಗೆ ಹೋದ ಮೇಲೆ ಸಮ್ರೀನ್ ಸಣ್ಣ ದನಿಯಲ್ಲಿ ಹೇಳಿದಳು.

"ಮೊದಲ ಅಬ್ಬಾ ಎತ್ಕೊಂಡ್ರ ಏನೂ ಅನ್ನಿಸ್ತಿದ್ದಿಲ್ಲರಿ ಮೇಡಂ. ಈಗ ನಾ ದೊಡ್ಡಾಕಿ ಆಗೀನಿ, ಎಲ್ಲಾರೂ ನೋಡ್ತಾರ. ನಡುವ ಬಾತ್‌ರೂಮಿಗಿ ಹೋಗಬೇಕಾಗ್ತದಂತ ದಿನಾ ನೀರೇ ಕುಡಿತಿದ್ದಿಲ್ಲ. ಓದೋದು ಬ್ಯಾಡ ಅಂತಲ್ಲರಿ. ಹೊತ್ಕೊಂಡು ಹೋಗೋದು ಬ್ಯಾಡ."

ಮುಂದಿನ ವಾರ ಪ್ರತಿಷ್ಠಾನದ ಕಡೆಯಿಂದ ಇಂಜಿನಿಯರ್ ಭುವನೇಶ್ವರಿ ಬಂದಳು. ಟ್ರಸ್ಟಿನವರನ್ನೆಲ್ಲ ಕೂರಿಸಿಕೊಂಡು, ಅನುದಾನ ಇರುವುದು ತರಗತಿ, ನೀರು, ಶೌಚಾಲಯಕ್ಕೆ, ನಡೆಯಲಾಗದ ಮಕ್ಕಳ ಅನುಕೂಲಕ್ಕೆ, ಪ್ರಾರ್ಥನಾ ಕೋಣೆಗೆ ಒಂದು ಕಲ್ಲನ್ನೂ ಹಾಸಲು ಬರುವುದಿಲ್ಲ ಎಂದು ತಿಳಿಸಿದಳು. ಲಾಲಪ್ಪನವರ ಮುಖ ಬಾಡಿತು. ಅದೇ ಹೊತ್ತಿಗೆ ಯಶೋಧರಾ ಎದ್ದು ನಿಂತು, ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು. ಸಮ್ರೀನ್‌ಗಾಗಿ ಪ್ರಾರ್ಥನಾ ಕೋಣೆಯನ್ನೇ ಎಂಟನೆಯ ತರಗತಿ ಮಾಡೋಣ, ಬಾಗಿಲಿಗೊಂದು ರ‍್ಯಾಂಪ್ ಕಟ್ಟೋಣ, ಪಕ್ಕದಲ್ಲೇ ಶೌಚಾಲಯ ಮಾಡೋಣ, ಬುದ್ಧನ ಮೂರ್ತಿ ಮೇಲಿನ ಕೋಣೆಗೆ ಹೋಗಲಿ.

ಕಾರ್ಯದರ್ಶಿ ಸಂಘಪಾಲ ಲಾಲಪ್ಪನವರ ಮುಖ ನೋಡಿದ. ಅವರು ಕೋಲು ಊರಿಕೊಂಡು ಎದ್ದು, ಹಿಂತಿರುಗಿ ನೋಡದೆ ಹೊರಗೆ ನಡೆದರು.

ಮನೆಯಲ್ಲೂ ಮಾತು ನಿಂತಿತು. ಸೊಸೆ ರೊಟ್ಟಿ ಬಡಿಯುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ಅವರ ರೂಢಿ. ಈಗ ಪೇಪರು ಬಿಚ್ಚದೆಯೇ ಬಿದ್ದಿರುತ್ತಿತ್ತು. ಸೊಸೆಯಾಗಿ ಹತ್ತು ಜನರೆದುರು ಹಾಗೆ ಹೇಳಬಾರದಿತ್ತೇನೋ ಎಂದು ಯಶೋಧರಾ ಒಳಗೊಳಗೇ ನೊಂದಳು. ಮಾವನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿದೆ ಎಂದೇ ಅವಳು ತಿಳಿದಿದ್ದಳು.

ಆಮೇಲೊಂದು ಬೆಳಿಗ್ಗೆ ಅವರು ಹೊಸ್ತಿಲಿಗೆ ಬಂದು ಕೂತರು.

"ಬುದ್ಧ ಮ್ಯಾಲ ಹೋಗಲ್ಲ ಅನ್ನಲ್ಲವ್ವಾ. ಅವಂದೇನೂ ತಕರಾರಿಲ್ಲ, ತಕರಾರು ನಂದು," ಎಂದರು. "ನನ್ನ ಮೊಳಕಾಲು ಆ ಪಾವಟಿಗಿ ಹತ್ತಲ್ಲ. ಅವ ಮ್ಯಾಲ ಹೋದ್ರ ನಾ ದಿನಾ ಅವನ ಮುಂದ ಕೂಡೋದು ಹ್ಯಾಂಗ?"

ಯಶೋಧರಾಳ ಕೈ ಹಿಟ್ಟಿನಲ್ಲೇ ನಿಂತಿತು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಎದ್ದು ಬಂದು ಅವರ ಪಕ್ಕ ಕೂತು, ಬೇಡ ಮಾವಾ, ಮೂರ್ತಿ ಅಲ್ಲೇ ಇರಲಿ, ಬೇರೆ ಏನಾದರೂ ದಾರಿ ಹುಡುಕುತ್ತೇನೆ ಎಂದಳು.

ಲಾಲಪ್ಪನವರು ತಲೆಯಾಡಿಸಿದರು. "ನಾ ನೋಡೋದು ಭಾಳ ಆಗೇದ. ಆ ಹುಡುಗಿ ಓದೋದು ಇನ್ನಾ ಅದ. ಐತ್ವಾರ ಮೂರ್ತಿ ಎತ್ತಲಿಕ್ಕ ಮಂದಿಗಿ ಹೇಳು."

ಭಾನುವಾರ ಯಾರೂ ಕರೆಯದೆಯೇ ಬಾಬುಮಿಯಾ ಮೂವರು ಆಟೊ ಗೆಳೆಯರೊಂದಿಗೆ ಬಂದ. ಮೂರ್ತಿಯನ್ನು ಕೌದಿಯಲ್ಲಿ ಸುತ್ತಿ, ಕೆಳಗಿನ ತೂಕವೆಲ್ಲ ತನ್ನ ಹೆಗಲಿಗೆ ತೆಗೆದುಕೊಂಡ. ಕೆಳಗೆ ನಿಂತ ಲಾಲಪ್ಪನವರು ಹುಷಾರು, ಹುಷಾರು ಎನ್ನುತ್ತಲೇ ಇದ್ದರು. ಮೆಟ್ಟಿಲ ತಿರುವಿನಲ್ಲಿ ಬಾಬುಮಿಯಾ ನಿಂತು ಉಸಿರು ಬಿಟ್ಟ.

"ಕಾಕಾ, ನೀವು ಬೇಫಿಕರ್ ಇರ್ರಿ. ಈ ಪಾವಟಿಗಿ ಕಣ್ಣು ಮುಚ್ಚಿ ಹತ್ತತೀನಿ. ಯಾವ ಕಲ್ಲು ಅಳ್ಳಾಡ್ತದ ನಂಗೊಬ್ಬಂವಗೇ ಗೊತ್ತದ."

ಆ ವಾರದಲ್ಲಿ ಲಾಲಪ್ಪನವರು ನಕ್ಕದ್ದು ಅದೇ ಮೊದಲು.

ಕೆಲಸ ಸುಸೂತ್ರವಾಗಿಯೇನೂ ನಡೆಯಲಿಲ್ಲ. ಗೌಂಡಿ ಚಂದ್ರಾಮಪ್ಪ ಜಾಗ ಉಳಿಸಲು ಹೋಗಿ ರ‍್ಯಾಂಪನ್ನು ಗಿಡ್ಡ ಮಾಡಿ ಕಡಿದಾಗಿ ಕಟ್ಟಿದ. ಸಮ್ರೀನ್‌ಳನ್ನು ಕರೆಸಿ ಹತ್ತಿಸಿ ನೋಡಿದರೆ ಕುರ್ಚಿ ಅರ್ಧಕ್ಕೆ ಹೋಗಿ ಹಿಂದಕ್ಕೆ ಜಾರಿತು. ಯಶೋಧರಾ ಹಿಡಿಯದಿದ್ದರೆ ಹುಡುಗಿ ಬೀಳುತ್ತಿದ್ದಳು. ಹುಡುಗಿ ಹೆದರಲಿಲ್ಲ, ಇದು ಅಬ್ಬಾನ ಆಟೊಗೆ ಸರಿ, ನನಗಲ್ಲ ಎಂದಳು. ಚಂದ್ರಾಮಪ್ಪ ನಾಚಿಕೊಂಡ. ಭುವನೇಶ್ವರಿ ಅದನ್ನು ಒಡೆಸಿ, ಬೇವಿನ ಮರವನ್ನು ಬಳಸಿಕೊಂಡು ಬರುವ ಹಾಗೆ ಉದ್ದವಾಗಿ ಮತ್ತೆ ಕಟ್ಟಿಸಿದಳು. ಈ ಸಲ ಲಾಲಪ್ಪನವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೇ ಬಿಟ್ಟರು. ಶಹಾಬಾದಿನಿಂದ ನೆಲಕ್ಕೆ ಹಾಸುವ ಪರಸಿ ಕಲ್ಲು ಬಂದಾಗ ಒಂದೊಂದನ್ನೂ ಅಂಗೈಯಿಂದ ಸವರಿ, ನುಣುಪಾಗಿದ್ದರೆ ಗಾಲಿ ಜಾರುತ್ತದೆಂದು ಹಿಂದಕ್ಕೆ ಕಳಿಸಿ, ಒರಟಾದವನ್ನೇ ಇಟ್ಟುಕೊಂಡರು. ಅಮೃತಶಿಲೆಯ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ದಸರೆ ರಜೆ ಮುಗಿದು ಶಾಲೆ ತೆರೆಯಿತು. ಬಾಬುಮಿಯಾ ಗೇಟಿನ ಬಳಿ ಆಟೊ ನಿಲ್ಲಿಸಿ ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ. ನೂಕಲು ಕೈ ಚಾಚಿದವನನ್ನು ಅವಳು ಬೇಡವೆಂದಳು. ತಾನೇ ಗಾಲಿ ತಿರುಗಿಸುತ್ತ, ಮರದ ಬಳಿ ಒಮ್ಮೆ ನಿಂತು ದಣಿವಾರಿಸಿಕೊಂಡು, ಮೇಲೆ ಹತ್ತಿ ತರಗತಿಯೊಳಗೆ ಹೋದಳು. ಬಾಬುಮಿಯಾ ಬಹಳ ಹೊತ್ತು ಆಟೊ ಒರೆಸುತ್ತ ಅಲ್ಲೇ ನಿಂತಿದ್ದ. ಹಿಂದಿನ ಹುಣ್ಣಿಮೆಯಂದು ಲಾಲಪ್ಪನವರನ್ನು ಮೆಲ್ಲಗೆ ಹೆಗಲು ಕೊಟ್ಟು ಮೇಲಂತಸ್ತಿಗೆ ಹತ್ತಿಸಿದವನೂ ಅವನೇ. ಇನ್ನು ಪ್ರತಿ ಹುಣ್ಣಿಮೆಗೂ ಬರುತ್ತೇನೆಂದು ಮಾತು ಕೊಟ್ಟಿದ್ದ.

ಗಂಟೆಯಾದ ಮೇಲೆ ಯಶೋಧರಾ ನೋಡಿದರೆ, ಲಾಲಪ್ಪನವರು ಕೋಲೂರಿ ರ‍್ಯಾಂಪ್ ಹತ್ತಿ ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಮೂರ್ತಿ ಇದ್ದ ಜಾಗದಲ್ಲಿ ಈಗ ಕರಿಹಲಗೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮಾವನ ಮನಸ್ಸು ಕಲಕಿರಬೇಕೆಂದು ಅವಳು ಸದ್ದಿಲ್ಲದೆ ಹತ್ತಿರ ಬಂದು ನಿಂತಳು.

"ಇಲ್ಲಿ ಬೆಳಕು ಚಲೋ ಬೀಳ್ತದವ್ವಾ," ಎಂದರು ಲಾಲಪ್ಪನವರು ಪಿಸುದನಿಯಲ್ಲಿ. "ಇಷ್ಟು ವರ್ಸ ಕಣ್ಣು ಮುಚ್ಚೇ ಕುಂತಿದ್ದೆ ನೋಡು, ಗೊತ್ತೇ ಇದ್ದಿಲ್ಲ."