ಹೆಸರು ಹೇಳದವನಿಗೂ ಹೂಂ ಅಂದೆ

ಯಾರೋ ಸರಿಸಿದ್ದಾರೆ, ನಮ್ಮ ಬ್ಯಾಟುಗಳು ಬೇಲಿಯ ಬುಡದಲ್ಲಿ ಮೊದಲ ಜಾಗದಲ್ಲಿದ್ದವು, ನಾನೇ ಇಟ್ಟಿದ್ದು, ಎರಡರದ್ದೂ ಕೆಂಪು ಮುಖ ಮೇಲೆ ಮಾಡಿ, ಈಗ ನೋಡಿದರೆ ಸಾಲಿನ ಕೊನೆಯಲ್ಲಿ ಬಿದ್ದಿವೆ, ಒಂದು ಕೆಂಪು, ಒಂದು ಕಪ್ಪು, ಒಂದರ ಹೊಟ್ಟೆ ಮೇಲೆ, ಒಂದರ ಬೆನ್ನು ಮೇಲೆ — ಥೇಟು ಅವತ್ತು ಗುಡಿಯ ನೆಲದ ಮೇಲೆ ದೇವರನ್ನು ಕೇಳುವ ಮರದ ತುಂಡುಗಳು ಬಿದ್ದ ಹಾಗೆ, ಇಲ್ಲಿಗೂ ಬಂದೆಯಾ ನೆಲದಜ್ಜ, ನಮ್ಮ ಓಣಿಯ ದೇವರೇ, ಈ ಸೇತುವೆಯ ಕೆಳಗೂ ಬಂದು ಕಂಡವರಿಗೆಲ್ಲ ಹೂಂ ಅನ್ನುತ್ತೀಯಾ. ಬ್ಯಾಟು ಇಟ್ಟರೆ ಪಾಳಿ, ಬ್ಯಾಟು ಕೂತಲ್ಲಿ ಮನುಷ್ಯ ಕೂತ ಹಾಗೆ, ಪಿಕಲ್‌ಬಾಲ್ ಆಡುವವರ ಕಟ್ಟಳೆ ಅದು, ತೈಪೆಯ ಯಾವ ಮೂಲೆಗೆ ಹೋದರೂ ಅದೇ, ಮೇಲಿನ ಮನೆಯ ಗೆಳತಿ ಬಿಶಿಯಾಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಮುರಿದರು, ತಲೆಗೆ ನೀಲಿ ಪಟ್ಟಿ ಕಟ್ಟಿದ ಆ ಯುವಕ ಎಷ್ಟು ನಯವಾಗಿ ಹೇಳುತ್ತಾನೆ, ದೊಡ್ಡಕ್ಕಾ, ಕೂಗಿದ್ವಿ, ನೀವಿರಲಿಲ್ಲ, ಇಲ್ಲದವರ ಬ್ಯಾಟು ಹಿಂದಕ್ಕೆ ಹೋಗುತ್ತೆ. ದೊಡ್ಡಕ್ಕ ಅಂತೆ, ನಿನ್ನ ಅಜ್ಜಿಯ ವಯಸ್ಸು ನನಗೆ, ಬಾಯಲ್ಲಿ ಜೇನು, ಕೈಯಲ್ಲಿ ಕಳ್ಳತನ. ಬೇಲಿಗೊರಗಿ ಕೂತೆ. ತಲೆಯ ಮೇಲೆ ಸೇತುವೆ, ಅದರ ಮೇಲೆ ಸ್ಕೂಟರುಗಳ ಗುಡುಗು, ಹೊಳೆಯ ಕೆಸರು ವಾಸನೆ, ಪಕ್ಕದಲ್ಲಿ ಬಿಶಿಯಾ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಮದುವೆಮನೆಗೆ ಬಂದವಳ ಹಾಗೆ ಕೂತಿದ್ದಾಳೆ, ಅಚುನ್, ಬಸ್ಸು ಬಂತೇನೇ. ಬಸ್ಸಿಗಲ್ಲ ಕಣೇ, ಆಡೋಕೆ ಬಂದಿದೀವಿ. ಹೌದಾ, ಎಲ್ಲಿ ಅಜ್ಜನ ಗುಡಿ.

ಎಲ್ಲಿದೆ ಅಂತ ಹೇಳಲಿ. ಓಣಿಯ ತುದಿಯಲ್ಲಿ ಇದೆ, ಇದ್ದಲ್ಲೇ ಇದೆ, ಮುಂದಿನ ಅಂಗಳ ಮಾತ್ರ ನಮ್ಮದಲ್ಲ, ಆ ಅಂಗಳದಲ್ಲಿ ಹಳದಿ ಪಟ್ಟಿ ಅಂಟಿಸಿ ಗೆರೆ ಎಳೆದದ್ದು ನಾವಿಬ್ಬರು, ಬೆಳಗಿನ ಸೋಯಾ ಹಾಲಿನ ಗಾಡಿ ತೊಳೆದಿಟ್ಟು ಒದ್ದೆ ಕೈಯಲ್ಲೇ ಆಟಕ್ಕೆ ಇಳಿಯುತ್ತಿದ್ದೆವು, ಬಿಶಿಯಾಳಿಗೆ ಮರೆವು ಶುರುವಾದ ಮೇಲೂ, ಮಗಳ ಹೆಸರು ತಪ್ಪಿದ ಮೇಲೂ, ಒಲೆ ಹಚ್ಚಿದ್ದು ಮರೆತು ಬಾಣಲೆ ಕರಕಲಾದ ಮೇಲೂ, ಗೆರೆಯೊಳಗೆ ಕಾಲಿಟ್ಟರೆ ಬೆನ್ನು ನೆಟ್ಟಗೆ, ಕಂಚಿನ ದನಿ, ಸೊನ್ನೆ, ಸೊನ್ನೆ, ಎರಡು, ಅಂತ ಲೆಕ್ಕ ಕೂಗಿ ಚೆಂಡು ಬಿಡುತ್ತಿದ್ದಳು, ಯಾರ ಅಂಕ ಎಷ್ಟು, ಯಾರ ಕೈ ಮೊದಲು, ಒಂದೂ ತಪ್ಪುತ್ತಿರಲಿಲ್ಲ. ಮಗಳೇ ಹೇಳಿದ್ದಳಲ್ಲ, ಅಚುನ್ ಚಿಕ್ಕಮ್ಮ, ಅಮ್ಮ ಆಡ್ತಿರೋ ತನಕ ಇಲ್ಲೇ ಇರಲಿ, ಆಟ ನಿಂತರೆ ನಾನು ದಕ್ಷಿಣಕ್ಕೆ, ಗಾವ್‌ಶ್ಯುಂಗಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ಒಂದು ವೃದ್ಧಾಶ್ರಮ ನೋಡಿದೀನಿ, ಚೆನ್ನಾಗಿದೆ. ಚೆನ್ನಾಗಿದೆಯಂತೆ, ಬಣ್ಣದ ಚೆಂಡನ್ನು ಬುಟ್ಟಿಗೆ ಹಾಕಿಸಿ ಚಪ್ಪಾಳೆ ತಟ್ಟುತ್ತಾರಂತೆ, ನಾಡಿದ್ದು ಭಾನುವಾರ ಬರುತ್ತಾಳೆ, ಕೇಳುತ್ತಾಳೆ, ಆಡ್ತಿದಾಳಾ ಅಮ್ಮ, ಏನು ಹೇಳಲಿ. ಹೊಸ ಕಟ್ಟಡದವರಿಗೆ ನಮ್ಮ ಚೆಂಡಿನ ಟಕ್ ಟಕ್ಕಿಗೆ ನಿದ್ದೆ ಕೆಡುತ್ತಿತ್ತಂತೆ, ಗುಡಿಯ ಅಧ್ಯಕ್ಷ ಲ್ಯಾವ್ ಸಭೆ ಕರೆದ, ಅಂಗಳವನ್ನು ಪ್ಯಾಡೆಲ್ ಅನ್ನೋ ಹೊಸ ಆಟದವರಿಗೆ ಕೊಡೋಣ, ಗಾಜಿನ ಗೋಡೆ ಹಾಕಿ ಆಡ್ತಾರೆ, ನೋಡೋಕೂ ಚಂದ. ಈಗ ಆ ಗಾಜಿಗೆ ಚೆಂಡು ಢಬ್ ಢಬ್ ಬಡಿಯುತ್ತದೆ, ಅದಕ್ಕೆ ಯಾರ ನಿದ್ದೆಯೂ ಕೆಡುವುದಿಲ್ಲ, ಬಡವರು ಕೆಮ್ಮಿದರೆ ಗದ್ದಲ, ದುಡ್ಡಿದ್ದವರು ಡೋಲು ಬಾರಿಸಿದರೆ ಮಂಗಳವಾದ್ಯ.

ನಾನು ಹೇಳಿದ್ದೆ, ಅಜ್ಜನನ್ನು ಕೇಳಿ, ಅಜ್ಜ ಒಪ್ಪಿದರೆ ನನ್ನದೇನೂ ಇಲ್ಲ, ನಂಬಿ ಹೇಳಿದ್ದೆ, ಮೂರ್ಖಳು. ಊದುಬತ್ತಿಯ ಹೊಗೆ, ಎಲ್ಲರೂ ಸುತ್ತ ನಿಂತಿದ್ದಾರೆ, ಲ್ಯಾವ್ ಅರ್ಧಚಂದ್ರದ ಮರದ ಜೋಡಿಯನ್ನು, ಒಂದು ಕಡೆ ಚಪ್ಪಟೆ ಹೊಟ್ಟೆ, ಇನ್ನೊಂದು ಕಡೆ ಉಬ್ಬಿದ ಬೆನ್ನು, ಎರಡು ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸುತ್ತಾನೆ, ಅಧ್ಯಕ್ಷರೇ, ಹೆಸರು ಹೇಳಿ, ಓಣಿ ಹೇಳಿ, ಮನೆ ಹೇಳಿ, ಆಮೇಲೆ ಕೇಳಿ, ಅಂದೆ ನಾನು, ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಕ್ರಮ, ಯಾರು ಕೇಳುತ್ತಿದ್ದಾರೆ ಅಂತ ತಿಳಿಯದೆ ದೇವರು ಯಾರಿಗೆ ಅಂತ ಉತ್ತರ ಕೊಟ್ಟಾನು. ಲ್ಯಾವ್ ನಕ್ಕ. ಅಚುನ್, ಅಜ್ಜನಿಗೆ ನನ್ನ ಪರಿಚಯ ಮಾಡಿಕೊಡಬೇಕಾ, ಅವನ ಗುಡಿಗೆ ಬಣ್ಣ ಹೊಡೆಸಿದ್ದೇ ನಾನು. ಎಲ್ಲರೂ ನಕ್ಕರು. ಬಿದ್ದವು, ಒಂದರ ಹೊಟ್ಟೆ ಮೇಲೆ, ಒಂದರ ಬೆನ್ನು ಮೇಲೆ, ಹೂಂ. ಮತ್ತೆ, ಹೂಂ. ಮತ್ತೆ, ಹೂಂ. ಎರಡೂ ಬೆನ್ನು ತೋರಿಸಿ ಉಹೂಂ ಅನ್ನಬಹುದಿತ್ತು ನೀನು, ಎರಡೂ ಹೊಟ್ಟೆ ತೋರಿಸಿ ನಕ್ಕುಬಿಡಬಹುದಿತ್ತು, ನಕ್ಕರೆ ಮತ್ತೆ ಕೇಳಬೇಕಾಗುತ್ತಿತ್ತು, ಒಂದು ದಿನವಾದರೂ ಮುಂದಕ್ಕೆ ಹೋಗುತ್ತಿತ್ತು, ಹೆಸರು ಹೇಳದವನಿಗೆ ಹೂಂ ಅಂದೆ, ನಿನಗೆ ತಿಂಗಳಿಗೆ ಎರಡು ಸಲ ಕಡಲೆಪುಡಿಯಲ್ಲಿ ಹೊರಳಿಸಿದ ಅಂಟಕ್ಕಿ ಉಂಡೆ ಇಟ್ಟವಳು ನಾನು, ಗಡ್ಡಕ್ಕೆ ಅಂಟಲಿ, ಅಜ್ಜ ಚಪ್ಪರಿಸಲಿ ಅಂತ, ಉಂಡೆ ನನ್ನದು, ಹೂಂ ಅವನಿಗೆ.

ಬೆಳಗಿನಿಂದ ಸುತ್ತುತ್ತಿದ್ದೇವೆ, ಬಸ್ಸು, ಮೆಟ್ರೊ, ಮತ್ತೆ ಬಸ್ಸು. ವಾರ್ಡಿನ ಕ್ರೀಡಾಂಗಣದಲ್ಲಿ ಗಾಜಿನ ಹಿಂದಿನ ಹುಡುಗಿ ತಲೆ ಎತ್ತದೆ, ಇಲ್ಲಿಯ ನಿವಾಸಿಗಳಿಗೆ ಮಾತ್ರ ಆಂಟೀ, ವಿಳಾಸ ಹೇಳಿ, ನಾನು ಹೇಳಹೋದರೆ, ನೀವಲ್ಲ, ಅವರೇ ಹೇಳಬೇಕು. ಬಿಶಿಯಾ ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ನಲವತ್ತು ವರ್ಷ ಬದುಕಿದ ಮನೆ, ಒಂದಕ್ಷರ ಬರಲಿಲ್ಲ, ಹಿಂದೆ ನಿಂತವನು ಗಡಿಯಾರ ನೋಡಿಕೊಂಡ. ಆಮೇಲೆ ಆ ದೊಡ್ಡ ಅಂಗಡಿಯ ತಾರಸಿ, ಅಲ್ಲೂ ಪ್ಯಾಡೆಲ್, ನಾಲ್ಕು ಕಡೆ ಗಾಜು, ಮೀನಿನ ತೊಟ್ಟಿಯ ಹಾಗೆ, ಒಳಗೆ ಮನುಷ್ಯರು, ಫೋನಲ್ಲಿ ಬುಕ್ ಮಾಡಿದೀರಾ ಅಮ್ಮ, ಇಲ್ಲಾಂದ್ರೆ ಆಗಲ್ಲ, ಅಷ್ಟರಲ್ಲಿ ಬಿಶಿಯಾ ಗಾಜಿನ ಮುಂದೆ ನಿಂತು ತನ್ನದೇ ಬಿಂಬಕ್ಕೆ ತಲೆ ಬಾಗಿಸಿ ವಂದಿಸುತ್ತಿದ್ದಳು, ಪಾಪ ಅಚುನ್, ಆ ಮುದುಕಿ ಒಬ್ಬಳೇ ನಿಂತಿದಾಳೆ, ಅವಳನ್ನೂ ಆಟಕ್ಕೆ ಕರಿ. ಅಲ್ಲಿದ್ದವರು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ, ಗಾಜನ್ನೆಲ್ಲ ಒಡೆಯಬೇಕು ಅನ್ನಿಸಿತು, ಅವಳ ಕೈ ಹಿಡಿದು ಎಳೆದುಬಿಟ್ಟೆ, ಜೋರಾಗಿಯೇ ಎಳೆದೆ, ಏನು ಮಾಡಲಿ, ಇಷ್ಟು ದೊಡ್ಡ ಊರು, ಮೂರು ಹಾಸಿಗೆಯಗಲ ನೆಲ ಇಲ್ಲ ನಮಗೆ, ನೆಲದಜ್ಜ ಅಂತೆ, ನೆಲ ಯಾರದು ಅಜ್ಜ.

ದೊಡ್ಡಕ್ಕಾ, ಬನ್ನಿ, ನಿಮ್ಮ ಪಾಳಿ. ನೀಲಿಪಟ್ಟಿ. ಜೊತೆಗೆ ಅವನ ಗೆಳತಿ, ಗಮ್ ಜಗಿಯುತ್ತ, ನಾವಿಬ್ಬರು ಆ ಕಡೆ, ನೀವಿಬ್ಬರು ಈ ಕಡೆ, ಅಜ್ಜಿಗೆ ಆಡೋಕೆ ಬರುತ್ತಾ. ಬರುತ್ತೆ ತಾಯಿ, ನೀನು ಹುಟ್ಟೋ ಮೊದಲಿಂದ ಅವಳ ಕಾಲು ಗಟ್ಟಿ. ಏಳೇ ಬಿಶಿಯಾ, ಬಾರೇ, ಕೂಗೇ ಲೆಕ್ಕ, ಸೊನ್ನೆ, ಸೊನ್ನೆ, ಎರಡು, ಒಂದು ಸಲ ಕೂಗು ಸಾಕು, ಭಾನುವಾರ ನಿನ್ನ ಮಗಳಿಗೆ ಸುಳ್ಳು ಹೇಳದ ಹಾಗೆ ಮಾಡು. ಅವಳು ಎದ್ದಳು, ಎರಡು ಬ್ಯಾಟನ್ನೂ ತಾನೇ ಎತ್ತಿಕೊಂಡಳು, ಗೆರೆಯ ತನಕ ಬಂದಳು, ಒಳಗೆ ಕಾಲಿಡಲಿಲ್ಲ. ಅಲ್ಲೇ ಮೊಣಕಾಲೂರಿ ಕೂತಳು. ಸೇತುವೆಯ ಕಂಬಕ್ಕೆ ಮುಖ ಮಾಡಿ. ಏನು ಮಾಡ್ತಿದಾರೆ ಅವರು, ಅಂದಳು ಗಮ್ ಜಗಿಯುವವಳು. ಬ್ಯಾಟುಗಳನ್ನು ಜೋಡಿಸಿ ಹಣೆಗೆ ಮುಟ್ಟಿಸಿದಳು, ನಾನು ಖೂ ಬಿಶಿಯಾ, ಅಂದಳು, ಕಂಚಿನ ದನಿ, ಕುದುರೆ ವರ್ಷದವಳು, ಎಂಟನೇ ತಿಂಗಳ ಹುಣ್ಣಿಮೆ ಕಳೆದು ಹುಟ್ಟಿದವಳು, ಮಲ್ಲಿಗೆ ಓಣಿ, ಏಳನೇ ಮನೆ, ಎರಡನೇ ಮಹಡಿ, ಅಚುನಳ ಮೇಲಿನ ಮನೆ, ಅಜ್ಜ, ನಾನು ಇಲ್ಲಿ ಆಡಬಹುದಾ. ಬಂತು, ವಿಳಾಸ ಬಂತು, ಗಾಜಿನ ಹಿಂದಿನ ಹುಡುಗಿ ಇರಬೇಕಿತ್ತು, ಲ್ಯಾವ್ ಇರಬೇಕಿತ್ತು ಇಲ್ಲಿ, ಇವಳು ಹೆಸರು ಹೇಳಿದಳು ಅಜ್ಜ, ಕೇಳಿಸಿತಾ, ಎಲ್ಲ ಮರೆತವಳು ಕ್ರಮ ಮರೆಯಲಿಲ್ಲ, ಈಗ ಹೂಂ ಅನ್ನು, ಈಗಲಾದರೂ — ಕೈಬಿಟ್ಟಳು. ಸಿಮೆಂಟಿನ ಮೇಲೆ ಪಟಪಟ ಸದ್ದು. ಕೆಂಪು. ಕೆಂಪು. ಎರಡೂ ಹೊಟ್ಟೆ ಮೇಲೆ. ಬಿಶಿಯಾ ನನ್ನ ಕಡೆ ತಿರುಗಿದಳು, ನಗ್ತಿದಾನೆ ಕಣೇ ಅಜ್ಜ, ಅಂದಳು, ತಡಿ, ಇನ್ನೊಂದು ಸಲ ಕೇಳ್ತೀನಿ. ಎತ್ತಿದಳು, ಹಣೆಗೆ ಮುಟ್ಟಿಸಿದಳು, ನಾನು ಖೂ ಬಿಶಿಯಾ, ಮಲ್ಲಿಗೆ ಓಣಿ, ಹಿಂದೆ ಸಾಲಿನಲ್ಲಿ ಯಾರೋ ಬ್ಯಾಟು ತಟ್ಟುತ್ತಿದ್ದಾರೆ, ಬೇಗ, ಬೇಗ, ಕೈಬಿಟ್ಟಳು, ಕೆಂಪು, ಕೆಂಪು, ಆಕಾಶಕ್ಕೆ ಹೊಟ್ಟೆ ಮಾಡಿಕೊಂಡು ಎರಡು ಬ್ಯಾಟು, ನಗುತ್ತ, ಎರಡೂ ಕೆಂಪು