ತೊಳೆಯದೆ ಬಿಟ್ಟ ಗುಂಡಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವ ಮೊದಲೇ ನನಗೆ ಸಿಟ್ಟು ಬರುತ್ತದೆ. ಮಣ್ಣಿನಲ್ಲಿ ಸಿಕ್ಕ ಹಳೆಯ ಲೋಹದ ಗುಂಡಿಗಳನ್ನು ತೊಳೆದು, ಅವು ಯಾವ ಕಾಲದವೆಂದು ಹೇಳುವುದು ಎಂದರೆ ಸಾಕು, ಎದುರಿಗಿದ್ದವರು ಮೊದಲು ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ನಮ್ಮ ಸಂಗ್ರಹಾಲಯದಲ್ಲಿ ನಾಣ್ಯ ನೋಡುವವರಿಗೆ ಗಾಜಿನ ಬಾಗಿಲಿನ ಕೋಣೆ ಇದೆ. ಕತ್ತಿ, ಗುರಾಣಿಯವರಿಗೆ ಎರಡು ಕಿಟಕಿ ಇವೆ. ನನಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ತಲೆಯ ಮೇಲೆ ದಿನವಿಡೀ ಜನರ ಚಪ್ಪಲಿಯ ಸದ್ದು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಗುಂಡಿಯಕ್ಕ ಎನ್ನುತ್ತಾರೆ, ಎದುರಿಗೆ ಯಾರಿಗೂ ಆ ಧೈರ್ಯವಿಲ್ಲ.

ಅವರು ಏನಾದರೂ ಅನ್ನಲಿ. ನಾಣ್ಯ ಸಾವಿರ ಕೈ ದಾಟಿರುತ್ತದೆ, ಹಾಗಾಗಿ ಅದು ಯಾರದೂ ಅಲ್ಲ. ಗುಂಡಿ ಹಾಗಲ್ಲ. ಬೆಳಿಗ್ಗೆ ಹಾಕಿ ಸಂಜೆ ಬಿಚ್ಚುವ ಒಬ್ಬನ ಎದೆಯ ಮೇಲೆ ಕೂತಿದ್ದ ವಸ್ತು ಅದು. ಇಷ್ಟು ವರ್ಷವಾದರೂ ಮಣ್ಣು ಮೆತ್ತಿದ ಗುಂಡಿಯೊಂದನ್ನು ಅಂಗೈಯಲ್ಲಿಟ್ಟರೆ ನನಗೆ ಮೈ ಜುಂ ಎನ್ನುತ್ತದೆ.

ಆ ಐದು ಗುಂಡಿಗಳು ಸಿಕ್ಕಿದ್ದು ಊರಿನ ಹಿಂದಿನ ಗುಡ್ಡದ ಬುಡದಲ್ಲಿ. ನೀರಿನ ಪೈಪು ಹಾಕಲು ಕಾಲುವೆ ತೋಡುತ್ತಿದ್ದರು. ಹಸಿರು ಬಣ್ಣದ್ದೇನೋ ಸಾಲಾಗಿ ಕಂಡಿತೆಂದು ಮೇಸ್ತ್ರಿ ಕೂಗಿ ಯಂತ್ರ ನಿಲ್ಲಿಸಿದ್ದ. ನಾನು ಹೋಗಿ ನೋಡಿದೆ. ಕಪ್ಪು ಮಣ್ಣಿನಲ್ಲಿ ಐದು ಗುಂಡಿಗಳು, ಒಂದರ ಕೆಳಗೊಂದು, ನೆಟ್ಟಗೆ, ನಡುವೆ ನಾಲ್ಕು ಬೆರಳಿನ ಅಂತರ ಬಿಟ್ಟು ಮಲಗಿದ್ದವು. ಕೋಟಿಲ್ಲ, ಎದೆಯಿಲ್ಲ. ಅಲ್ಲಿಯದು ಹುಳಿ ಮಣ್ಣು, ಅದು ಬಟ್ಟೆಯನ್ನೂ ತಿನ್ನುತ್ತದೆ, ಮೂಳೆಯನ್ನೂ ತಿನ್ನುತ್ತದೆ. ಭೂಮಿಗೇ ಕೋಟು ತೊಡಿಸಿ ಯಾರೋ ಜತನದಿಂದ ಗುಂಡಿ ಹಾಕಿದ ಹಾಗಿತ್ತು. ನಾನು ಕಂಡಕಂಡಲ್ಲಿ ಕೈಮುಗಿಯುವವಳಲ್ಲ. ಆದರೆ ಆವತ್ತು ಚಪ್ಪಲಿ ಬಿಟ್ಟು ಕಾಲುವೆಗೆ ಇಳಿದೆ.

ಅಳಿದುಳಿದ ಮೂಳೆಯ ಚೂರುಗಳನ್ನು ಪೊಲೀಸರು ಪರೀಕ್ಷೆಗೆ ಕಳಿಸಿದರು. ಹಿಟ್ಟಾಗಿ ಹೋಗಿದೆ, ಏನೂ ಹೇಳಲಾಗದು ಎಂದು ಉತ್ತರ ಬಂತು. ಉಳಿದದ್ದು ಗುಂಡಿಗಳು. ಇವುಗಳ ಕಾಲ ಹೇಳಿ ಎಂದು ನನ್ನ ಕೈಗೆ ಕೊಟ್ಟರು.

ಸುದ್ದಿ ಊರೆಲ್ಲ ಹಬ್ಬಿತು. ಮರುದಿನವೇ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ನರ್ಸಮ್ಮ ಬಂದರು. ಊರಿನ ಅರ್ಧ ಜನರ ಸೊಂಟಕ್ಕೆ ಸೂಜಿ ಚುಚ್ಚಿದ ಕೈ ಅವರದು, ನನ್ನದೂ ಸೇರಿ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರನ್ನು ಕಂಡರೆ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಅವರ ಹಿಂದಿರುವ ಕಥೆ ಊರಿಗೆಲ್ಲ ಗೊತ್ತು. ಅವರ ಅಪ್ಪ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದವನು. ಒಮ್ಮೆ ಗುಡ್ಡದಾಚೆಯ ಮದುವೆಗೆ ಬಾರಿಸಲು ಹೋದವನು ತಿರುಗಿ ಬರಲಿಲ್ಲ. ಅದೇ ವಾರ ಬ್ಯಾಂಡಿನ ಜೊತೆ ಹಾಡುತ್ತಿದ್ದ ಹೆಂಗಸೂ ಊರು ಬಿಟ್ಟಳು. ಜನ ಅದಕ್ಕೂ ಇದಕ್ಕೂ ಗಂಟು ಹಾಕಿದರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಆವತ್ತಿನಿಂದ ನರ್ಸಮ್ಮ ಓಡಿಹೋದವನ ಮಗಳಾದರು. ಗಂಡನ ಹೆಸರೆತ್ತಬೇಡ ಎನ್ನುತ್ತಲೇ ಅವರ ಅಮ್ಮ ಕಣ್ಣು ಮುಚ್ಚಿದಳು.

ಊರಿಗೆ ಗೊತ್ತಿಲ್ಲದ ಒಂದೆರಡು ವಿಷಯಗಳನ್ನು ನರ್ಸಮ್ಮ ನನಗೆ ಹೇಳಿದರು. ಆ ಮದುವೆಯ ದಿನ ಅವರಿಗೆ ಜ್ವರ ಸುಡುತ್ತಿತ್ತಂತೆ, ಒಂಬತ್ತು ವರ್ಷದ ಹುಡುಗಿ. ಮದುವೆ ಮುಗಿದ ರಾತ್ರಿ, ಲಾರಿ ಸುತ್ತಿ ಬಳಸಿ ಊರು ಸೇರುವ ಹೊತ್ತಿಗೆ ಬೆಳಗಾಗುತ್ತದೆ ಎಂದು ಅಪ್ಪ ಡ್ರಮ್ಮನ್ನು ಲಾರಿಗೇರಿಸಿ ಬರಿಗೈಯಲ್ಲಿ ಎತ್ತಲೋ ಹೊರಟನೆಂದು ಜೊತೆಯವರು ಹೇಳಿದ್ದರಂತೆ. ಆ ದಿನಗಳಲ್ಲೇ ಗುಡ್ಡ ಕುಸಿದು ಅದನ್ನು ದಾಟಿ ಬರುವ ಕಾಲುದಾರಿ ಮುಚ್ಚಿತ್ತು. ಆದರೆ ಓಡಿಹೋದವನನ್ನು ಮಣ್ಣಿನಡಿ ಯಾರು ಹುಡುಕುತ್ತಾರೆ?

"ಆ ಕಾಲುದಾರಿ ನಮ್ಮ ಬೀದಿಗೆ ಬಿಟ್ಟು ಬೇರೆಲ್ಲಿಗೂ ಹೋಗಲ್ಲ," ಎಂದರು ನರ್ಸಮ್ಮ. "ಅಲ್ಲಿ ಸಿಕ್ಕಿದ್ದು ಅಪ್ಪನೇ ಆಗಿದ್ರೆ, ಅವನು ಮನೆಗೆ ಬರ್ತಿದ್ದ ಅಂತ ಅರ್ಥ. ಹೌದೋ ಅಲ್ವೋ, ಅಷ್ಟು ಹೇಳಿಬಿಡು."

ಅಪ್ಪನ ಕೋಟಿನ ಬಗ್ಗೆ ನೆನಪಿದೆಯಾ ಎಂದು ಕೇಳಿದೆ. ನಕ್ಷತ್ರದ ಗುಂಡಿ ಇತ್ತು, ಎತ್ತಿಕೊಂಡಾಗ ಕೆನ್ನೆಗೆ ಒತ್ತಿ ಅಚ್ಚು ಬೀಳುತ್ತಿತ್ತು ಎಂದರು. ನಕ್ಷತ್ರದ ಗುಂಡಿ ಹಾದಿಬೀದಿಯಲ್ಲಿ ಸಿಗುತ್ತದೆ, ಅದನ್ನು ನಂಬಿಕೊಂಡು ಕೂರಲಾಗದು. ಕೋಟು ಯಾವಾಗ ಹೊಲಿಸಿದ್ದು ಎಂದೆ. ಹೊಸದೇ, ಕಾಣೆಯಾಗುವ ಹಿಂದಿನ ವರ್ಷ ಎಂದರು. ಅಷ್ಟು ಸಾಕು ಎಂದುಕೊಂಡೆ. ಸಾಕಾಗಿರಲಿಲ್ಲ.

ತೊಳೆಯಲು ಕೂತೆ. ಶುದ್ಧ ನೀರಿನಲ್ಲಿ ನೆನೆಸಿಟ್ಟು, ಬಿದಿರಿನ ಕಡ್ಡಿಯಿಂದ ಕೂದಲೆಳೆಯಷ್ಟು ಮಣ್ಣು ಬಿಡಿಸುವ ಕೆಲಸ. ಹಿಂದಿನ ಕೊಂಡಿಯೊಳಗೆ ಯಾವಾಗಲೂ ಬೇರು ತೂರಿಕೊಂಡಿರುತ್ತದೆ. ಹುಲ್ಲಿಗೆ ಎಲ್ಲಿ ತೂತು ಕಂಡರೂ ನುಗ್ಗುವ ಚಟ. ಚಿಮುಟದಿಂದ ಅದನ್ನು ಎಳೆದು ಕಸದ ಡಬ್ಬಿಗೆ ಹಾಕುವುದು ನನಗೆ ಉಸಿರಾಡಿದಷ್ಟೇ ರೂಢಿ. ನಾಲ್ಕು ಗುಂಡಿಗಳಿಂದ ಹಾಗೇ ಎಳೆದು ಹಾಕಿದೆ. ಐದನೆಯದನ್ನು ಮುಟ್ಟಲಿಲ್ಲ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ ಅದು. ಎಷ್ಟೇ ಗುಂಡಿ ಸಿಗಲಿ, ಒಂದನ್ನು ಮಣ್ಣು ಕೊಟ್ಟ ಹಾಗೇ ಬಿಡು, ನಾಳೆ ನಿನಗಿಂತ ಬುದ್ಧಿವಂತರು ಬರ್ತಾರೆ, ಅವರಿಗೂ ಏನಾದರೂ ಉಳಿದಿರಲಿ ಎನ್ನುತ್ತಿದ್ದರು. ಆ ಮಾತು ನೆನಪಾದಾಗಲೆಲ್ಲ ನನಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಆದರೂ ಬಿಡುತ್ತಿದ್ದೆ.

ತೊಳೆದ ನಾಲ್ಕೂ ಒಂದೇ ಮಾತು ಹೇಳಿದವು. ಗುಂಡಿಯ ಜಾತಕ ಇರುವುದು ಅದರ ಬೆನ್ನಿನಲ್ಲಿ. ಇವುಗಳ ಮುಖದಲ್ಲೂ ನಕ್ಷತ್ರವಿತ್ತು, ಆದರೆ ನಕ್ಷತ್ರವಿದ್ದರೇನು, ಸಿಂಹವಿದ್ದರೇನು, ನಾನು ತಿರುಗಿಸಿಯೇ ನೋಡುವುದು. ಕೊಂಡಿಯನ್ನು ಕೈಯಲ್ಲೇ ಬೆಸೆದಿದ್ದರು. ಲೇತಿನಲ್ಲಿ ತಿರುಗಿಸಿ ನಯ ಮಾಡಿದ ಗೆರೆಗಳು ಸುತ್ತು ಸುತ್ತಾಗಿ ಕಾಣುತ್ತಿದ್ದವು. ತಯಾರಿಸಿದವರ ಅಕ್ಷರ ಒಂದೂ ಇಲ್ಲ. ಇಂಥವನ್ನು ಮಾಡುತ್ತಿದ್ದದ್ದು ನನ್ನ ಮುತ್ತಾತನ ಅಪ್ಪ ತೊಟ್ಟಿಲಲ್ಲಿದ್ದ ಕಾಲದಲ್ಲಿ. ನರ್ಸಮ್ಮನ ಅಪ್ಪ ಹುಟ್ಟುವುದಕ್ಕೆ ಎಷ್ಟೋ ಮೊದಲು. ಹೊಸ ಕೋಟು ಎಲ್ಲಿ, ಈ ಗುಂಡಿ ಎಲ್ಲಿ?

ಅವರ ಮನೆಗೆ ಹೋಗಿ ಹೇಳಿದೆ. ಅಲ್ಲ ನರ್ಸಮ್ಮ, ಇವು ತುಂಬಾ ಹಳೆಯವು, ಬೇರೆ ಯಾರೋ ಪಾಪ ಎಂದೆ. ಅವರು ವಾದ ಮಾಡಲಿಲ್ಲ. ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದರು. ರೋಗಿ ಉಳಿಯಲಿಲ್ಲ ಎಂದು ಮನೆಯವರಿಗೆ ಹೇಳಿ ಹೇಳಿ ಅಭ್ಯಾಸವಾದವರು, ಈಗ ತಾವೇ ಕೇಳಿಸಿಕೊಂಡು ಲೋಟ ಕೆಳಗಿಟ್ಟರು.

ಆ ಭಾನುವಾರ ನಮ್ಮಮ್ಮ ಕಿಟಕಿ ಹತ್ತಿರ ಕೂತು ಅಪ್ಪನ ಹರಿದ ಅಂಗಿಯನ್ನು ನೆಲ ಒರೆಸಲು ಹರಿಯುತ್ತಿದ್ದಳು. ಹರಿಯುವ ಮೊದಲು ಬ್ಲೇಡಿನಿಂದ ಒಂದೊಂದೇ ಗುಂಡಿ ಕೊಯ್ದು ಡಬ್ಬಿಗೆ ಹಾಕುತ್ತಿದ್ದಳು. ಆ ಡಬ್ಬಿ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಸಾಕು ಬಿಡಮ್ಮ, ಎರಡು ಕಾಸಿನ ಗುಂಡಿ ಎಂದು ರೇಗಿದೆ.

ಅಮ್ಮ ತಲೆ ಎತ್ತಲಿಲ್ಲ. "ಅಂಗಿ ಹರಿಯತ್ತೆ ಕಣೇ, ಗುಂಡಿ ಹರಿಯತ್ತಾ? ನೀನು ಹಾಕ್ಕೊಂಡಿರೋದು ಯಾರದ್ದು ಅಂದ್ಕೊಂಡಿದೀಯ, ನಿಮ್ಮಜ್ಜಿ ರವಿಕೆಯಲ್ಲಿದ್ದದ್ದು."

ನಾನು ನನ್ನ ಎದೆ ಮುಟ್ಟಿ ನೋಡಿಕೊಂಡೆ, ಊರಿನವರೆಲ್ಲ ಮಾಡುವ ಹಾಗೆಯೇ. ಕಳೆದ ತಿಂಗಳು ಹೊಲಿಸಿದ ಬಟ್ಟೆ, ಅದರ ಮೇಲೆ ಅಜ್ಜಿಯ ಗುಂಡಿ. ಇಷ್ಟು ವರ್ಷ ಗುಂಡಿಯ ವಯಸ್ಸು ಹೇಳಿ ಹೇಳಿ, ಅದೇ ಕೋಟಿನ ವಯಸ್ಸು ಎಂದು ನಂಬಿ ಕೂತಿದ್ದೆ. ಗುಂಡಿ ನೋಡುವವರು ಮಾತ್ರ ಬೀಳಬಹುದಾದ ಹಳ್ಳ ಅದು, ದರ್ಜಿಯ ಅಂಗಡಿಯಲ್ಲಿ ಇಂಥ ಮಾತಾಡಿದ್ದರೆ ಆಚೆ ಕಳಿಸುತ್ತಿದ್ದರು. ಕೋಟಿನ ಕಾಲ ಹೇಳಬೇಕಾದ್ದು ಗುಂಡಿಯಲ್ಲ, ಅದನ್ನು ಹಿಡಿದಿದ್ದ ದಾರ.

ರಜೆಯಾದರೂ ಹೋಗಿ ನನ್ನ ಕೋಣೆಯ ಬೀಗ ತೆಗೆದೆ. ಬೇರೆಂದು ಎಳೆದು ಹಾಕಿದ್ದನ್ನು ಹುಡುಕಿದೆ, ಕಸದ ಡಬ್ಬಿ ಖಾಲಿಯಾಗಿ ಹೊಳೆಯುತ್ತಿತ್ತು. ಆದರೆ ತೊಳೆಯದೆ ಬಿಟ್ಟ ಗುಂಡಿ ತಟ್ಟೆಯಲ್ಲಿತ್ತು. ಮೇಷ್ಟ್ರು ಹೇಳಿದ ನಾಳೆಯ ಬುದ್ಧಿವಂತೆ ನಾನೇ ಎಂದುಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಸಿರು ಕಿಲುಬಿನ ಹಕ್ಕಳೆಯನ್ನು ಚೂರು ಎತ್ತಿದೆ. ಕೊಂಡಿಯೊಳಗೆ ಕಂದುಬಣ್ಣದ ಒಂದು ಬೇರು ಸುತ್ತಿಕೊಂಡಿತ್ತು, ಒಂದು ಸುತ್ತು, ಎರಡು ಸುತ್ತು, ಮೂರು. ಕೊನೆಯಲ್ಲಿ ಗಂಟು.

ಬೇರು ಗಂಟು ಹಾಕಿಕೊಳ್ಳುವುದಿಲ್ಲ.

ಹತ್ತಿಯ ದಾರವೂ ಅಲ್ಲ ಅದು. ಹತ್ತಿಯ ಎಳೆ ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ. ಇದು ಒಂದೇ ಎಳೆ, ದಪ್ಪ, ಮೇಲಿನ ಮಣ್ಣಿನ ಬಣ್ಣ ಒರೆಸಿದರೆ ಗಾಜಿನ ಕಡ್ಡಿಯಷ್ಟು ನಯ. ನೈಲಾನು. ಮುತ್ತಾತನ ಅಪ್ಪನ ಕಾಲದಲ್ಲಿ ಇಂಥದೊಂದು ಲೋಕದಲ್ಲೇ ಇರಲಿಲ್ಲ. ನಾನು ಸ್ಟೂಲಿನಿಂದ ಎದ್ದು ಗೋಡೆಗೆ ಒರಗಿ ನಿಂತೆ. ಕೋಟನ್ನು ತಿಂದ ಮಣ್ಣು, ಮನುಷ್ಯನನ್ನೇ ತಿಂದ ಮಣ್ಣು, ಯಾರೋ ಹೆಂಗಸಿನ ಬೆರಳು ಬಿಗಿದ ಈ ಪುಟ್ಟ ಗಂಟನ್ನು ಬಿಚ್ಚಲಾರದೆ ಸೋತಿತ್ತು.

ಕೋಟು ಹೊಸದೆಂದು ಗೊತ್ತಾಯಿತು, ಆದರೆ ಯಾರ ಕೋಟು ಎಂದು ಇನ್ನೂ ಗೊತ್ತಾಗಿರಲಿಲ್ಲ. ಮರುದಿನ ನರ್ಸಮ್ಮನನ್ನು ಕರೆಸಿದೆ. ಕಂಡದ್ದರ ಬಗ್ಗೆ ಬಾಯಿ ಬಿಡಲಿಲ್ಲ, ಆಸೆ ಇರುವವರ ಬಾಯಿಗೆ ಉತ್ತರ ಇಟ್ಟು ಕೇಳಬಾರದು. ಕೋಟು ಹೊಸದು ಅಂದ್ರಲ್ಲ, ಗುಂಡಿ ಎಲ್ಲಿಂದ ತಂದ್ರಿ ಎಂದಷ್ಟೇ ಕೇಳಿದೆ.

"ಗುಂಡಿ ತಾತನ ಕೋಟಿಂದು," ಎಂದರು. "ಅವರೂ ಬ್ಯಾಂಡಿನೋರೇ. ಅವರಿಗೂ ಯಾರೋ ಹಿರಿಯರು ಕೊಟ್ಟಿದ್ದಂತೆ. ನೀನು ಕೋಟು ಕೇಳಿದೆ, ಗುಂಡಿ ಎಲ್ಲಿ ಕೇಳಿದೆ?"

ಯಾರು ಹೊಲಿದರು, ಯಾತರಲ್ಲಿ ಹೊಲಿದರು ಎಂದೆ.

"ಅಮ್ಮ. ಆ ದರಿದ್ರ ಡ್ರಮ್ಮು ಎದೆಗೆ ಉಜ್ಜಿ ಉಜ್ಜಿ ಪ್ರತಿ ಮದುವೆಗೂ ಗುಂಡಿ ಕಿತ್ತು ಬರ್ತಿತ್ತು. ಹೊಲಿದೂ ಹೊಲಿದೂ ಸಾಕಾಗಿ, ಪಕ್ಕದ ಮನೆ ಮೀನಿನವನ ಹತ್ರ ಗಾಳದ ದಾರ ಇಸ್ಕೊಂಡು ಬಂದು ಹಾಕಿದ್ಲು. ಮೂರು ಸುತ್ತು ಸುತ್ತಿ ಹಲ್ಲಲ್ಲಿ ಎಳೆದು ಗಂಟು ಬಿಗಿದಳು. ಇನ್ನು ನೀನು ಬಿದ್ರೂ ಈ ಗುಂಡಿ ಬೀಳಲ್ಲ ಅಂತ ಅಪ್ಪನಿಗೆ ಬೈದಿದ್ದು ನಂಗೆ ನೆನಪಿದೆ."

ಹೇಳಿ ಮುಗಿಸಿದ ಮೇಲೆ ತಾವೇ ಆಡಿದ ಮಾತು ಅವರಿಗೆ ಕೇಳಿಸಿತು. ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಹೊಂದಿಸಿದೆ. ಬಹಳ ಹೊತ್ತು ನೋಡಿದರು. ಮೇಲೆ ಮೆಟ್ಟಿಲಲ್ಲಿ ಶಾಲೆಯ ಮಕ್ಕಳ ಗುಂಪೊಂದು ದಡದಡ ಹತ್ತಿ ಹೋಯಿತು.

"ಅಮ್ಮನ ಗಂಟು," ಎಂದರು.

ಗಂಡನ ಹೆಸರೆತ್ತಬೇಡ ಎಂದು ಸಾಯುವವರೆಗೂ ಹೇಳಿದ ಆ ಹೆಂಗಸು, ಅವನೇ ಇವನು ಎಂಬ ಗುರುತನ್ನೂ ತಾನೇ ಹಾಕಿಟ್ಟು ಹೋಗಿದ್ದಳು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ನರ್ಸಮ್ಮ ಅಳಲಿಲ್ಲ. ಒಂದನ್ನು ಮುಟ್ಟಬಹುದಾ ಎಂದು ಕೇಳಿದರು. ತೊಳೆದ ಗುಂಡಿಯೊಂದನ್ನು ಅಂಗೈ ಮೇಲಿಟ್ಟೆ. ಅದನ್ನು ಎತ್ತಿ, ಕಣ್ಣು ಮುಚ್ಚಿ, ಸುಕ್ಕುಗಟ್ಟಿದ ಕೆನ್ನೆಗೆ ಗಟ್ಟಿಯಾಗಿ ಒತ್ತಿಕೊಂಡರು.

"ತಣ್ಣಗಿದೆ," ಎಂದರು. "ಆಗ ಬೆಚ್ಚಗಿರ್ತಿತ್ತು."

ಪೊಲೀಸರಿಗೆ ಏನು ಬರೆಯಬೇಕೋ ಬರೆಯುತ್ತೇನೆ, ನೀವು ಮನೆಗೆ ಹೋಗಿ ಮಲಗಿ ಎಂದೆ. ತಲೆಯಾಡಿಸಿ, ಗುಂಡಿ ವಾಪಸು ಕೊಟ್ಟು, ಬಾಗಿಲಲ್ಲಿ ಬಗ್ಗಿ ಹೊರಗೆ ಹೋದರು. ಅವರ ಕೆನ್ನೆಯ ಮೇಲೆ ನಕ್ಷತ್ರ ಮೂಡಿತ್ತು. ನಾನು ಹೇಳಲಿಲ್ಲ. ಅದನ್ನು ಹೊತ್ತುಕೊಂಡೇ ಅವರು ನಿಧಾನವಾಗಿ ಬೀದಿಗಿಳಿದರು.