ಅರ ತಾಗಿದ ಮೆಮೊರಿ

ಸ್ಪಿರಿಟ್ ದೀಪದ ಮೇಲೆ ಗುಲಾಬಿ ಮೇಣ ಕರಗುವ ವಾಸನೆ ಎಂದರೆ ಅವಳಿಗೆ ಅಪ್ಪನೇ. ಶಾಲೆ ಬಿಟ್ಟವಳೇ ಅವನ ಕೋಣೆಗೆ ಓಡಿ, ಮೇಣದಲ್ಲಿ ಸಾಲಾಗಿ ನಿಂತ ಹಲ್ಲುಗಳನ್ನು ನೋಡುತ್ತ ಕೂರುತ್ತಿದ್ದಳು. ಮುಂದೆ ಅವಳೂ ಅದೇ ಕಸುಬು ಹಿಡಿದಳು. ಕಟ್ಟುಹಲ್ಲು ಮಾಡುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಆ ಬೀದಿಯ ಅರ್ಧ ಜನ ಅವಳ ಹಲ್ಲಿನಲ್ಲೇ ನಗುತ್ತಿದ್ದರು.

ಅವಳಿಗೆ ಐವತ್ತು ದಾಟಿದ ಮೇಲೆ, ಅವಳಿಗೆ ಕೆಲಸ ಕೊಡುತ್ತಿದ್ದ ದಂತವೈದ್ಯೆ ಮೆಲ್ಲಗೆ ಹೇಳಿದರು: "ಇನ್ಮೇಲೆ ಮಾದರಿ ಎಲ್ಲ ಕಂಪ್ಯೂಟರಲ್ಲೇ ಆಗ್ಬೇಕಮ್ಮ. ನೀವು ಕಲಿತಿದ್ದೀರಿ, ನಂಗೊತ್ತು. ಸೋಮವಾರ ಬೆಳಗ್ಗೆ ಒಂದು ಮಾಡಿಕೊಡಿ. ಇಲ್ದಿದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ."

ಮನೆಯ ಹಳೆಯ ಕಂಪ್ಯೂಟರ್ ಒಂದು ದವಡೆಹಲ್ಲು ತಿರುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅವಳ ಜೊತೆಗಿದ್ದ ತಮ್ಮ ಬಸ್ ಡ್ರೈವರ್. ಅವನಿಗೆ ಕಾರ್ ರೇಸಿನ ಆಟದ ಹುಚ್ಚು.

"ದಿನವಿಡೀ ಓಡಿಸಿದ್ದು ಸಾಲ್ದೇನೋ?"

"ಇಲ್ಲಿ ಸ್ಟಾಪ್ ಇಲ್ಲಕ್ಕ. ಅದೇ ಸುಖ."

ಇಬ್ಬರಿಗೂ ಆಗುವ ಒಂದೇ ಯಂತ್ರ ಜೋಡಿಸೋಣವೆಂದು ಬೀದಿ ಕೊನೆಯ ಅಂಗಡಿಗೆ ಹೋದರು. ಅಂಗಡಿಯಾಕೆ ಒಂದಿಡೀ ಮಧ್ಯಾಹ್ನ ಅವರಿಗಾಗಿ ಕೂತಳು. "ಮೊದಲು ಪ್ರೊಸೆಸರ್. ಅದು ಕೂರೋ ಮದರ್‌ಬೋರ್ಡ್. ಆ ಬೋರ್ಡ್ ಒಪ್ಪೋ ಮೆಮೊರಿ. ಆಮೇಲೆ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಸಾಲೋಷ್ಟು ಪವರ್ ಸಪ್ಲೈ, ಅದು ಹಿಡಿಸೋ ಕ್ಯಾಬಿನೆಟ್."

ತಮ್ಮನ ಕಣ್ಣು ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ಮೇಲಿತ್ತು.

"ಮನೆಗೆ ಕಂಪ್ಯೂಟರ್ ತರ್ತಿದೀವೋ, ಸರ್ಕಸ್ ಡೇರೆನೋ?" ಎಂದಳು ಅಕ್ಕ. ಅಲ್ಲಿಗೆ ತಮ್ಮನ ಆಸೆಯ ದೀಪ ಆರಿತು.

ಮೆಮೊರಿಯೊಂದು ಮಾತ್ರ ಅಂಗಡಿಯಲ್ಲಿ ಮುಗಿದಿತ್ತು. ಎಂಥದು ಬೇಕೆಂದು ಅಂಗಡಿಯಾಕೆ ಎರಡು ಸಲ ಹೇಳಿದ್ದಳು. ಆದರೂ ಕ್ಲಿನಿಕ್ಕಿನಿಂದ ಬರುವಾಗ ಬೇರೊಂದು ಕಡೆ ರಿಯಾಯಿತಿಯ ಬೋರ್ಡು ಕಂಡದ್ದೇ ಅಕ್ಕ ಮರುಳಾದಳು. ಮೆಮೊರಿ ಅಂದಮೇಲೆ ಮೆಮೊರಿ ತಾನೇ ಎಂದುಕೊಂಡು ಬೆರಳಗಲದ ಒಂದು ಮೆಮೊರಿ ಪಟ್ಟಿ ಕೊಂಡು ತಂದಳು.

ಭಾನುವಾರ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಒಂದೊಂದೂ ಟಕ್ಕೆಂದು ಕೂತಿತು, ಮೆಮೊರಿಯ ಹೊರತು. ಪಟ್ಟಿಯ ಕೆಳಗಿನ ಕಚ್ಚು ಬೋರ್ಡಿನ ಸೀಳಿನೊಳಗಿನ ಉಬ್ಬಿಗೆ ಕೂದಲೆಳೆಯಷ್ಟು ತಪ್ಪುತ್ತಿತ್ತು. ತಮ್ಮ ನೀರು ಕುಡಿಯಲು ಎದ್ದ. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿದರೆ ಚೂರು ಉಜ್ಜಿ ಕೂರಿಸುವುದು ಅವಳ ಕಸುಬು. ಅವಳನ್ನು ಕೇಳದೆಯೇ ಕೈ ಹಲ್ಲು ಉಜ್ಜುವ ಅರದ ಕಡೆ ಹೋಯಿತು.

"ಅಕ್ಕಾ! ಅದೇನು ಹಲ್ಲಾ, ಉಜ್ಜೋಕೆ?"

ಅಷ್ಟರಲ್ಲಿ ತಾಮ್ರದ ಪುಡಿ ಮೇಜಿನ ಮೇಲೆ ಉದುರಿತ್ತು.  ಮರುದಿನವೇ ಸೋಮವಾರ.

ಇಬ್ಬರೂ ಬೀದಿ ಕೊನೆಗೆ ಓಡಿದರು. ಭಾನುವಾರದ ಅರ್ಧ ದಿನ ಮುಗಿಸಿ ಬಾಗಿಲು ಎಳೆಯುತ್ತಿದ್ದ ಅಂಗಡಿಯಾಕೆ ಇವರನ್ನು ಕಂಡು ನಿಂತಳು. ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಬೈಯುತ್ತಾಳೆಂದು ಅಕ್ಕ ತಲೆ ತಗ್ಗಿಸಿದಳು.

"ಎಷ್ಟು ನುಣ್ಣಗೆ ಉಜ್ಜಿದೀರಿ!" ಎಂದಳು ಆಕೆ. "ಇದು ಹಳೇ ನಮೂನೆ ಅಕ್ಕ. ತಪ್ಪು ಜೋಡಿ ಕೂರಬಾರದು ಅಂತಲೇ ಕಚ್ಚು ಬೇರೆ ಕಡೆ ಇಟ್ಟಿರ್ತಾರೆ. ಬೋರ್ಡಿಗೆ ಏನೂ ಆಗಿಲ್ಲ, ಹೆದರ್ಬೇಡಿ."

"ನಾಳೆ ಬೆಳಗ್ಗೆ ಮಾದರಿ ಕೊಡ್ಬೇಕಿತ್ತು…" ಎಂದಳು ಅಕ್ಕ.

ಆಕೆ ಬಿಲ್ ಮಾಡುವ ತನ್ನದೇ ಕಂಪ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಎರಡೂ ಮೆಮೊರಿ ಪಟ್ಟಿ ಕಳಚಿ ಕಾಗದದಲ್ಲಿ ಸುತ್ತಿದಳು. "ಇವು ನಿಮ್ಮ ಬೋರ್ಡಿಗೆ ಕೂರ್ತವೆ. ಸ್ಟಾಕ್ ಬರೋವರೆಗೆ ನಿಮ್ಮತ್ರ ಇರ್ಲಿ."

"ಮತ್ತೆ ನಿಮ್ಮ ಬಿಲ್ಲು?"

"ಕೈಲಿ ಬರೀತೀನಿ. ನನ್ನ ಅಕ್ಷರ ನೋಡಿ ಗಿರಾಕಿಗಳು ಓಡದಿದ್ರೆ ಸಾಕು."

ಸಂಜೆಗೆ ಯಂತ್ರ ಮೆಲುವಾಗಿ ಗುನುಗಿತು. ತಮ್ಮನಿಗೆ ವಾರದ ಒಂದೇ ರಜೆ, ಹೊಸ ಆಟ ಕೈಯಲ್ಲಿತ್ತು. ಆದರೂ ಅವನು ಕುರ್ಚಿಯನ್ನು ಅಕ್ಕನತ್ತ ಸರಿಸಿದ. "ಕೂತ್ಕೊ. ನನ್ನ ಕಾರು ಎಲ್ಲೂ ಹೋಗಲ್ಲ." ಪರದೆಯ ಮೇಲೆ ದವಡೆ ನೀರಿನಂತೆ ತಿರುಗಿತು. ಅವಳು ಒಂದೊಂದೇ ಹಲ್ಲು ಕೂರಿಸುತ್ತ ಹೋದಳು.

ಬೆಳಗ್ಗೆ ದಂತವೈದ್ಯೆ ಮಾದರಿಯನ್ನು ತಮ್ಮ ಪರದೆಯ ಮೇಲೆ ಹಿಂದೆಮುಂದೆ ತಿರುಗಿಸಿ ನೋಡಿದರು. "ಮುಂದಿನ ರೋಗಿಯದ್ದೂ ನೀವೇ ಮಾಡಿ" ಎಂದರು.

ಅವಳು ಸೀದಾ ಮನೆಗೆ ಬಂದು ಒಲೆ ಹಚ್ಚಿದಳು. ಮಧ್ಯಾಹ್ನ ಅಂಗಡಿಯಲ್ಲಿ ಜನ ನೆರೆದಿದ್ದರು. ಬೆರಳಿಗೆಲ್ಲ ಶಾಯಿ ಮೆತ್ತಿಕೊಂಡು ಅಂಗಡಿಯಾಕೆ ಬಿಲ್ ಬರೆಯುತ್ತಲೇ ಇದ್ದಳು. ಉಂಡ ಹಾಗೆ ಕಾಣಲಿಲ್ಲ. ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಬಿಸಿ ಊಟದ ಡಬ್ಬಿಯನ್ನು ಆಕೆಯ ಕೈಗಿತ್ತಳು.